ಹತ್ತು ನಿಮಿಷದ ಕತ್ತಲೆ

ಸಂಖದ ಕನ್ನಡ ಶಾಲೆಯ ಮಾಳಿಗೆ. ಪುಷ್ಯದ ಚಳಿ.
ಉತ್ತರಕ್ಕೆ ಧ್ರುವ, ಎತ್ತರದಲ್ಲಿ ಬ್ರಹ್ಮಹೃದಯ,
ನಡುವೆ ಯಾವ ಕತೆಯೂ ಹತ್ತದ ಬಯಲು.
ನಮ್ಮ ಹಿರಿಯರು ಅಲ್ಲಿ ಮಂಚ ಹಾಕಲಿಲ್ಲ, ನೇಗಿಲು ಹೂಡಲಿಲ್ಲ.
ಮೊನ್ನೆ, ನಾನೂರು ವರ್ಷದ ಕೆಳಗೆ,
ಯಾರೋ ಒಂದು ಜಿರಾಫೆಯನ್ನು ಮೇಯಲು ಬಿಟ್ಟರು.
ಅದೂ ಕಾಣುವುದಿಲ್ಲ.

ಆ ಬಯಲಲ್ಲಿ ಒಂದು ದೈತ್ಯ.
ನಮ್ಮ ಸೂರ್ಯ ಅದರ ಮುಂದೆ ಜೋಳದ ಕಾಳು,
ಆದರೂ ಬರಿಗಣ್ಣಿಗೆ ಸಿಗದು; ದೂರ ಅಂಥದು.
ಹೆಸರಿಲ್ಲ ಅದಕ್ಕೆ, ನಂಬರಿದೆ,
ಲೈಟಿನ ಕಂಬಕ್ಕೆ ಬರೆದಿರುತ್ತಾರಲ್ಲ, ಹಾಗೆ.
ಪಕ್ಕದಲ್ಲಿ ಇನ್ನೊಂದಿದೆ ಎನ್ನುತ್ತದೆ ಪಟ್ಟಿ.
ಮೂರು ಚಳಿಗಾಲ ನಾನು ಕಂಡದ್ದು ಒಂದೇ,
ಬೂದಿಯೊಳಗಿನ ಒಂದು ಕಿಡಿ.

ದಸ್ತಗೀರ ಮುಲ್ಲಾ, ನಮ್ಮೂರ ವಾಯರಮನ್,
ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ.
"ಹತ್ತ ನಿಮಿಷ ನೋಡ್ರಿ ಗುರುಗಳ,
ಆಮ್ಯಾಲೆ ಸರಪಂಚರ ಫೋನ್ ಬರ್ತದ."
ದೀಪ ಸತ್ತ ಓಣಿ. ನಾಯಿಗಳಿಗೂ ಗೊಂದಲ.
ಕೈಯಾರೆ ತಿಕ್ಕಿದ ಆರಿಂಚಿನ ಕನ್ನಡಿ, ಬೋರಿನ ಪೈಪಿನ ಕೊಳವೆ.
ಉಸಿರು ಹಿಡಿದು ನೋಡಿದೆ.
ಮಬ್ಬು ಚುಕ್ಕಿಯನ್ನು ದಿಟ್ಟಿಸಬಾರದು, ಬದಿಗೆ ನೋಡಬೇಕು,
ಮಕ್ಕಳಿಗೆ ನಾನೇ ಹೇಳುವ ಮಾತು;
ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ನಡುವಿಗೇ ಜಾರುತ್ತದೆ,
ಸಾಲ ಕೊಟ್ಟವನ ಕಣ್ಣಿನಂತೆ.

"ನಾ ಒಂದ್ಸಲ ನೋಡ್ಲೇನ್ರಿ?"
ಎಡಗಣ್ಣು ಮುಚ್ಚಿ ಬಲಗಣ್ಣಿಟ್ಟ.
ಅದು ಕೆಟ್ಟದ್ದೆಂದು ಊರಿಗೇ ಗೊತ್ತು:
ಎಂಬತ್ತರ ಗ್ರಹಣಕ್ಕೆ ಎಲ್ಲರೂ ಬಾಗಿಲು ಹಾಕಿಕೊಂಡಾಗ
ಏಳು ವರ್ಷದ ಹುಡುಗ ಬಣವೆ ಹತ್ತಿ
ಬೆರಳ ಸಂದಿಯಿಂದ ಸೂರ್ಯನನ್ನು ನೋಡಿದ್ದ.
ಅಂದಿನಿಂದ ಆ ಕಣ್ಣ ನಡುವೆ ಒಂದು ತೂತು.
ಎದುರು ನಿಂತವರ ಮುಖ ಕಾಣದು, ಕಿವಿ ಕಾಣುತ್ತದೆ.
"ಚಲೋದು ಕೆಲಸಕ್ಕ ಬೇಕ್ರಿ," ಅಂದ,
"ಇದು ಖಾಲಿ ಕುಂತದ."

ಸುಮ್ಮನಾದ. ಎಷ್ಟೋ ಹೊತ್ತು.
ಆಮೇಲೆ, ಲೆಕ್ಕ ಒಪ್ಪಿಸುವವನ ದನಿಯಲ್ಲಿ:
"ಎರಡ ಅದಾವಲ್ರಿ.
ದೊಡ್ಡದರ ಬಗಲಾಗ ಸಣ್ಣದು, ಕುಸುಬಿ ಕಾಳಿನಂಗ."
ಯಾವ ಕಡೆ?
ಕಣ್ಣು ತೆಗೆಯದೆ ಕೈಯಿಂದ ತೋರಿದ, ಉಮದಿಯ ದಿಕ್ಕು.
ದುರ್ಬೀನಿನ ತಲೆಕೆಳಗನ್ನು ತಿರುವಿ ಪಟ್ಟಿಗೆ ತಾಳೆ ನೋಡಿದೆ:
ಅಲ್ಲಿಯೇ ಇರಬೇಕು ಅದು.

"ಇವು ಖರೇನ ಜೋಡೇನ್ರಿ,
ಇಲ್ಲಾ ಹಿಂದಮುಂದ ನಿಂತು ಹಂಗ ಕಾಣ್ತಾವೋ?"
ಗೊತ್ತಿಲ್ಲ ಅಂದೆ. ಸುತ್ತುತ್ತಿದ್ದರೂ ಒಂದು ಸುತ್ತಿಗೆ
ನಮ್ಮಂಥ ಊರುಗಳು ಹತ್ತು ಸಲ ಹೆಸರು ಬದಲಿಸಿರುತ್ತವೆ.
"ಕಂಬಾನೂ ಹಂಗ. ದೂರಿಂದ ಕೂಡಿ ನಿಂತಂಗ ಇರ್ತಾವ.
ತಂತಿ ಐತೋ ಇಲ್ಲೋ, ಹತ್ತೇ ನೋಡಬೇಕು."

ಫೋನು ಗುನುಗಿತು. ಕಿಸೆ ಮುಟ್ಟಿಕೊಂಡು ಇಳಿದ.
ಬೆಳಕು ಬಂತು, ಹುಳ ಬಂದವು.
ನೋಟಬುಕ್ಕಿನಲ್ಲಿ ತಾರೀಖು ಬರೆದೆ, ನಂಬರು ಬರೆದೆ.
ಕಂಡವರು: ದ. ಮುಲ್ಲಾ.
ಸಾಧನ: ಆರಿಂಚಿನ ಕನ್ನಡಿ, ಬಲಗಣ್ಣು.