ಬಾಯಾರು ಪದವಿನಲ್ಲಿ ಒಂದು ಗೇಣು

ವಿಮಾನ ಬರುವ ಮೊದಲು ಮುಳಿಹುಲ್ಲು ಕೆರೆದು
ಮುರಕಲ್ಲಿನ ಮೇಲೆ ಸುಣ್ಣದಲ್ಲೊಂದು
ಅಧಿಕ ಚಿಹ್ನೆ ಬರೆದೆವು.
ಪಕ್ಕದಲ್ಲಿ ಮೂರು ಕಾಲಿನ ಮೇಲೆ ಜಿಪಿಎಸ್ ಪೆಟ್ಟಿಗೆ.
ಅದಕ್ಕೆ ದನ ತಾಗದಂತೆ ಕಾಯುವುದು ನನ್ನ ಕೆಲಸ,
ಅಷ್ಟು ವರ್ಷ ಓದಿದ್ದಕ್ಕೆ.

ಊರ ಹೆಸರೇ ಬಾಯಾರು. ಹತ್ತಕ್ಕೆಲ್ಲ ನನಗೂ ಬಾಯಾರಿತು.
ಸುರಂಗದ ನೀರು ತಂದುಕೊಟ್ಟ ದೂಮಣ್ಣ ನಾಯ್ಕರು
ಹುಬ್ಬಿಗೆ ಕೈಯಿಟ್ಟು ಕೇಳಿದರು:
"ಅದು ಯಾಕೆ ಆಕಾಶದಲ್ಲಿ ಎಂಟು ಬರೆಯುವುದು?"

ಒಳಗಿನ ಗೈರೋ ಎಚ್ಚರವಾಗಲಿಕ್ಕೆ, ಎಂದೆ.
ಅದಕ್ಕೆ ಕಣ್ಣಿಲ್ಲ. ಮೈ ಎಷ್ಟು ವಾಲಿತು, ಎತ್ತ ತಿರುಗಿತು,
ಸೆಕೆಂಡಿಗೆ ಇನ್ನೂರು ಸಲ ಬರೆದಿಡುತ್ತದೆ, ಅಷ್ಟೆ.
ಬಹಳ ಹೊತ್ತು ನೇರ ಹಾರಿದರೆ ಮೆಲ್ಲ ದಿಕ್ಕು ಮರೆಯುತ್ತದೆ,
ಮರೆತದ್ದು ಅದಕ್ಕೇ ತಿಳಿಯದು.
ಉಪಗ್ರಹಗಳು ನೆನಪಿಸಬೇಕು;
ರೆಕ್ಕೆ ಅಡ್ಡ ಬಂದರೆ ಅವುಗಳ ಮಾತೂ ತುಂಡಾಗುತ್ತದೆ.
ಹಾಗಾಗಿ ಪೈಲಟ್, ಬಸುರಿಯನ್ನು ಕೂರಿಸಿಕೊಂಡ ಜೀಪಿನ ಹಾಗೆ,
ಹೆಚ್ಚು ವಾಲದೆ ತಿರುಗಿಸುತ್ತಾನೆ.
ಡಿಗ್ರಿಯ ನೂರರಲ್ಲೊಂದು ಪಾಲು ತಪ್ಪಿದರೂ
ಒಂದು ಕಿಲೋಮೀಟರ್ ಕೆಳಗೆ, ಇಲ್ಲಿ,
ಗೇಣಿಗೆ ತುಸು ಕಮ್ಮಿ.

ದೂಮಣ್ಣ ಗಾಳಿಯಲ್ಲೇ ಗೇಣು ಹಾಕಿ ನೋಡಿದರು.
ನಗಲಿಲ್ಲ.
"ನಾನೂ ಕಣ್ಣಿಲ್ಲದೆ ಅಗೆದವನೇ.
ಅರವತ್ತು ಕೋಲು, ಗುಡ್ಡದ ಒಳಗೆ.
ಬಾಗಿಲ ಬೆಳಕು ಬೆನ್ನಿಗೆ ತಾಗುವವರೆಗೆ ತೊಂದರೆಯಿಲ್ಲ.
ಆಮೇಲೆ ಭುಜ ಹೇಳಿದ್ದೇ ದಿಕ್ಕು.
ನನ್ನ ಪಿಕಾಸಿ ಎಡಕ್ಕೆ ಎಳೆಯುತ್ತದೆ, ಯಾವಾಗಲೂ.
ಅದು ಗೊತ್ತಿದ್ದರೆ ಸಾಕು."

ತಿಂಗಳ ಬಳಿಕ, ಕಾಸರಗೋಡಿನ ಬಾಡಿಗೆ ಕೋಣೆಯಲ್ಲಿ,
ಹೋದ ಹಾದಿಗೆ ಬಂದ ಹಾದಿ ಕೂಡಿಸಿದರೆ
ಪೈವಳಿಕೆಯ ಒಂದು ಶಾಲೆಗೆ ಎರಡು ಮಾಡು,
ಒಂದರ ಬೆನ್ನಿಗೊಂದು ಅಂಟಿಕೊಂಡು.
ತಂತ್ರಾಂಶ ಹಸಿರು ತೋರಿಸುತ್ತಿತ್ತು: ಎಲ್ಲ ಸರಿ.
ನಾನು ಸುಣ್ಣವನ್ನು ಕೇಳಿದೆ.
ಹದಿನಾಲ್ಕು ಸೆಂಟಿಮೀಟರ್, ಎಂದಿತು;
ಬಡಗಕ್ಕೆ ಹೋಗುವಾಗ ಪಡುವಣಕ್ಕೆ,
ತೆಂಕಕ್ಕೆ ಬರುವಾಗ ಮೂಡಣಕ್ಕೆ.
ಅಂದರೆ ಯಾವಾಗಲೂ ತನ್ನ ಎಡಕ್ಕೆ.
ಗೈರೋ ಮರೆತದ್ದಲ್ಲ, ಉಪಗ್ರಹ ಕೈಕೊಟ್ಟದ್ದೂ ಅಲ್ಲ.
ಹ್ಯಾಂಗರಿನಲ್ಲಿ ಯಾರೋ ಲೈಡಾರ್ ಬಿಗಿಯುವಾಗ
ಒಂದು ಬೋಲ್ಟು ಅರೆ ಮನಸ್ಸಿನಲ್ಲಿ ತಿರುಗಿತ್ತು.

ಮಳೆ ನಿಂತ ಮೇಲೆ ಆ ಸುರಂಗ ನೋಡಲು ಹೋದೆ.
ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಗೋಡೆ ಬಲಕ್ಕೆ ಸರಿದಿದೆ,
ಕಣ್ಣಿಗೆ ಕಾಣದು, ಅಂಗೈಯಿಟ್ಟರೆ ಸಿಗುತ್ತದೆ.
ಕಾಲಡಿಯಲ್ಲಿ ಹೆಬ್ಬೆರಳ ದಪ್ಪದ ನೀರು.
ಎಲ್ಲಿದ್ದೇನೆಂದು ಮೊಬೈಲ್ ತೆಗೆದು ನೋಡಿದೆ.
ನೀಲಿ ಚುಕ್ಕೆ
ಬಾಗಿಲಲ್ಲೇ ನಿಂತಿತ್ತು, ಚಪ್ಪಲಿಯ ಬಳಿ.