ಇನ್ನೊಂದು ಗೆರೆ ಉಳಿದಿದೆ

ಭಾನುವಾರ ಸೊಸ್ನೊವೆಟ್ಸ್‌ನಿಂದ ಹೊರಟೆವು.
ಐದು ಸೈಕಲ್ಲು, ನಾಲ್ಕು ಬ್ಯಾಟರಿ
(ಇಗ್ನಾತ್ಸಿಗಿನ್ನೂ ಹನ್ನೊಂದು, ಅವನದು ಬರೀ ಕಾಲು),
ಬುಟ್ಟಿಯಲ್ಲಿ ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿ,
ಹಿಂದಿನಿಂದ ನಾನು, ಗಾಳಿ ಹಾಕುವ ಪಂಪಿನ ಸಮೇತ.
ಎಲ್ಲರಿಗಿಂತ ಮುಂದೆ ಭಾವ ಜೆನೊನ್.
ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನಿಗೆ
ಹಳಿಯಿಲ್ಲದ ಚಕ್ರ ಸಿಕ್ಕಿದ್ದೇ ತಡ,
ಕಂಡ ಕಂಡ ಇಸವಿಯೊಳಕ್ಕೆ ಹ್ಯಾಂಡಲ್ ತಿರುಗಿಸುತ್ತಾನೆ.

ಪೆಟ್ರೋಲ್ ಬಂಕಿನೆದುರು ಗಕ್ಕನೆ ನಿಂತ. "ಸಾವಿರದ ಏಳುನೂರ ತೊಂಬತ್ತೈದು!
ಮನೆಯವರನ್ನು ಒಂದು ಮಾತು ಕೇಳದೆ
ನೆರೆಯ ಮೂವರು ಕೂತು ಮನೆ ಪಾಲು ಮಾಡಿದರು.
ನೂರ ಇಪ್ಪತ್ತಮೂರು ವರ್ಷ
ನಕ್ಷೆಯಲ್ಲಿ ಪೋಲೆಂಡ್ ಅನ್ನುವ ಹೆಸರೇ ಇಲ್ಲ."
"ಹಾಗಾದರೆ ಜನ ಎಲ್ಲಿದ್ದರು?" ಕೇಳಿದ ಇಗ್ನಾತ್ಸಿ.
"ಇಲ್ಲೇ. ಅದೇ ಹಿತ್ತಲು, ಅದೇ ಆಲೂಗಡ್ಡೆ,"
ಅಂದದ್ದು ಜೆನೊನ್ ಅಲ್ಲ, ಅವನ ತಾಯಿ ಕಜಿಮಿಯೆರಾ.
ಎಂಬತ್ತೊಂದು ವಯಸ್ಸು, ಬಾಡಿಗೆಯ ಕೆಂಪು ಸೈಕಲ್ಲು;
ಅಂದವಳೇ ಗುಂಡಿ ಒತ್ತಿ
ಇತಿಹಾಸವನ್ನು ಬಂಕಿನಲ್ಲೇ ಬಿಟ್ಟು ಹೊರಟುಬಿಟ್ಟಳು.

ಸೇತುವೆಯ ಆಚೆ ಮಿಸ್ಲೊವಿತ್ಸೆಯ ಗೆರಾರ್ಡ್ ಕಾಯುತ್ತಿದ್ದ,
ಹಳೇ ಗೆಳೆಯ, ಹಳೇ ಜೋಕು:
"ನಿಲ್ಲಿ, ಪಾಸ್‌ಪೋರ್ಟ್ ತೋರಿಸಿ!"
ನಾವೆಲ್ಲ ನಕ್ಕೆವು.
ಕೆಳಮನೆಯ ಲಾರಿಸಾ ನಗಲಿಲ್ಲ.
ಅವಳ ಕೈ ಆಗಲೇ ಎದೆಯ ಜೇಬಿಗೆ ಹೋಗಿತ್ತು.
ಗೆರಾರ್ಡ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ,
ಏನು ಹೇಳಬೇಕೋ ತೋಚದೆ ಅವಳ ಬ್ರೇಕು ಪರೀಕ್ಷಿಸಿದ.

ಕಪ್ಪು ಪ್ಶೆಮ್ಶಾ, ಬಿಳಿ ಪ್ಶೆಮ್ಶಾ ಸೇರುವ ಜಾಗ.
ಎರಡೂ ಕಂದು.
ಇಲ್ಲಿ ಮೂರು ಸಾಮ್ರಾಜ್ಯ ಮೂಗಿಗೆ ಮೂಗು ತಾಗಿಸಿ ನಿಂತಿದ್ದವು,
ಕುಂಟೆಬಿಲ್ಲೆಯ ಮನೆಗಳ ಹಾಗೆ:
ಈ ದಡ ರಷ್ಯ, ಆ ದಡ ಪ್ರಷ್ಯ, ಅಗೋ ಅಲ್ಲಿ ಆಸ್ಟ್ರಿಯ.
ನೀರು ದಾಟಿದರೆ ನಾಣ್ಯ ಬೇರೆ, ದೇವರ ಪಕ್ಕದ ಪಟ ಬೇರೆ,
ತ್ಸಾರನ ಪಂಚಾಂಗ ಹದಿಮೂರು ದಿನ ಹಿಂದೆ.
"ಹಾಗಾದರೆ ಹುಟ್ಟುಹಬ್ಬ ಎರಡು ಸಲ!"
ಇಗ್ನಾತ್ಸಿಗೆ ಸಾಮ್ರಾಜ್ಯಗಳು ಮೊದಲ ಬಾರಿ ಇಷ್ಟವಾದವು.

ಕಜಿಮಿಯೆರಾಳ ಅಜ್ಜಿ ಆ ದಡದಿಂದ ಸ್ಯಾಕರಿನ್ ತರುತ್ತಿದ್ದಳಂತೆ
ಲಂಗದ ಅಂಚಿನಲ್ಲಿ ಹೊಲಿದುಕೊಂಡು.
ಒಮ್ಮೆ ಸಿಪಾಯಿ ತಡೆದು ನಿಲ್ಲಿಸಿದ, ಮಳೆ ಬಂತು,
ಮಾಲೆಲ್ಲ ಕರಗಿತು, ಪುರಾವೆಯೂ ಕರಗಿತು.
ಆ ವಾರವಿಡೀ ಮಕ್ಕಳು
ಲಂಗದ ಅಂಚು ಚೀಪಿದರಂತೆ.

ವಾಪಸು ಬರುವಾಗ, ಏರಿನ ನಡುವೆ,
ಜೆನೊನ್‌ನ ಬ್ಯಾಟರಿ ಸತ್ತಿತು.
ಬೆಳಗಿನಿಂದ ಎಲ್ಲಕ್ಕಿಂತ ಮೇಲಿನ ವೇಗದಲ್ಲಿ
ಎರಡು ಶತಮಾನ ಎಳೆದಿದ್ದ ಪಾಪ.
ನನ್ನ ಪರದೆಯಲ್ಲಿ ಇನ್ನೊಂದು ಗೆರೆ ಉಳಿದಿತ್ತು.
ನಾನು ನೋಡದವಳ ಹಾಗೆ ಇದ್ದೆ.

ಅವನು ತಳ್ಳುವುದನ್ನು ನೋಡುತ್ತ ತಾಯಿ ಅಂದಳು:
"ಎಂಬತ್ತೊಂದರ ಡಿಸೆಂಬರು. ಬೀದಿಯಲ್ಲಿ ಟ್ಯಾಂಕು.
ನಿಮ್ಮಪ್ಪ ಗಣಿಯ ಕೆಳಗೆ, ಮುಷ್ಕರದಲ್ಲಿ.
ಹಿಮದಲ್ಲಿ ಗೇಟಿನ ತನಕ ಬ್ರೆಡ್ಡು ಒಯ್ಯುತ್ತಿದ್ದೆ
ಹಸಿರು 'ಉಕ್ರಾಯಿನಾ' ಸೈಕಲ್ಲಲ್ಲಿ.
ಕಬ್ಬಿಣ ಅಂದರೆ ಕಬ್ಬಿಣ. ಎಮ್ಮೆ ತುಳಿದ ಹಾಗಿತ್ತು."

ಲಾರಿಸಾ ಬ್ರೇಕ್ ಹಿಡಿದಳು.
"ಅದು ನಮ್ಮ ಖಾರ್ಕಿವ್‌ನದು. ಆ ಕಾರ್ಖಾನೆಯಲ್ಲಿ
ನಮ್ಮಪ್ಪ ಚಕ್ರದ ಕಡ್ಡಿ ಬಿಗಿಯುತ್ತಿದ್ದ."

ಕಜಿಮಿಯೆರಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು,
ನಲವತ್ತು ದಾಟಿದ ದೂರಿಗೆ ಕೊನೆಗೂ ವಿಳಾಸ ಸಿಕ್ಕಂತೆ:
"ಹಿಂದಿನ ಚಕ್ರ ಒಂದೇ ಸಮ ಓಲಾಡುತ್ತಿತ್ತು."
"ಹಾಗಾದರೆ ಅದು ಅಪ್ಪ ಮಾಡಿದ್ದಲ್ಲ,"
ಅಂದಳು ಲಾರಿಸಾ. ಆಮೇಲೆ ನಕ್ಕಳು.
ಅವಳ ಮುಂಬದಿಯ ಹಲ್ಲೊಂದು ಸೊಟ್ಟ ಎಂದು
ಈ ನಾಲ್ಕು ವರ್ಷದಲ್ಲಿ ನಾವು ಕಂಡಿರಲಿಲ್ಲ.

ಇಗ್ನಾತ್ಸಿ ತನ್ನ ಬರೀ ಕಾಲಲ್ಲಿ
ಭಾವನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ:
"ಆಮೇಲೆ ಏನಾಯಿತು?"

"ಏರು ಮುಗೀಲಿ ತಡಿಯೋ," ಅಂದ ಜೆನೊನ್,
ಇಪ್ಪತ್ತಾರು ಕಿಲೋ ತಳ್ಳುತ್ತ.