ಮೂರನೇ ಭರಣಿ

ಇಪ್ಪತ್ತೊಂದು ವರ್ಷಾತು, ಶನಿವಾರಕ್ಕೊಮ್ಮೆ
ಅನಾಟಮಿ ಮ್ಯೂಸಿಯಮ್ಮಿನ ಭರಣಿ ಒರಸತೀನಿ.
ಮ್ಯಾಲಿನ ಸಾಲಿನ್ಯಾಗ ಐದು, ಹುಟ್ಟದವರ ಮೆದುಳು.
ಹನ್ನೆರಡು ವಾರದ್ದು ನೆನಸಿಟ್ಟ ಅವರಿಕಾಳು.
ಇಪ್ಪತ್ತರದ್ದು ಸುಲದ ತತ್ತಿ,
ಬದಿಗೊಂದು ಕುಣಿ ಬಿಟ್ರ ಎಲ್ಲಾ ನುಣ್ಣಗ.
ಇಪ್ಪತ್ತಾರಕ್ಕ, ಕಣಕಕ್ಕ ಯಾರೋ ಉಗುರಲೆ ಗೀರಿಧಂಗ.
ಮೂವತ್ತೆರಡು. ಆಮ್ಯಾಲೆ ಮೂವತ್ತೆಂಟು:
ಅಕ್ರೋಡ, ಪೂರಾ ಅಕ್ರೋಡ.
ಹುಡುಗರು ಬಂದು ಹೆಸರು ಉರು ಹೊಡೀತಾರ.
ನನಗ ಹೆಸರು ಬರಂಗಿಲ್ಲ, ಸಾಲು ಬರತೈತಿ.

ಮಗಳು ಕಸ್ತೂರಿ ಇಪ್ಪತ್ತೆಂಟಕ್ಕ ಹಡದಳು.
ಎದುರಿನ ದವಾಖಾನಿ, ಗಾಜಿನ ಪೆಟ್ಟಿಗಿ,
ಒಂದು ಕಿಲೋಕ್ಕ ಅರವತ್ತು ಗ್ರಾಂ ಕಡಿಮಿ.
ಬೀಗರು ಮೂಗು ಯಾರದಂತ ಜಗಳ ತಗದ್ರು.
ನನಗ ತಲಿ ಒಳಗಿಂದ ಕಂಡತು:
ಮೂರನೇ ಭರಣಿ ದಾಟೇತಿ, ನಾಲ್ಕನೇದು ಮುಟ್ಟಿಲ್ಲ.

ಮೂರು ಸಲ ಸಾಬಾಣ ಹಚ್ಚೇನಿ,
ಆದ್ರೂ ಉಗುರಿನ್ಯಾಗ ಫಾರ್ಮಲಿನ್ ವಾಸನಿ.
ಕಿರಿಬೆರಳು ಒಳಗಿಟ್ಟೆ. ಹಿಡೀತು.
“ಅಜ್ಜಾರ, ಅದು ಬೆನ್ನಹುರಿ ಮಾಡೂ ಕೆಲಸ,
ಮೆದುಳಿಗೆ ಇನ್ನೂ ಸುದ್ದೀನ ಹೋಗಿಲ್ಲ,”
ಅಂದಳು ನರ್ಸು ಫಿಲೋಮಿನಾ.
ಇರಲಿ ತಾಯಿ. ಹುರೀನ ಹಿಡೀಲಿ.
ಸುದ್ದಿ ನಡಕೋಂತ ಬರಲಿ,
ಇನ್ನೂ ಕಚ್ಚಾ ರಸ್ತೆ ಐತಿ.

ಐದು ಶನಿವಾರ: ನಾಲ್ಕನೇದು ದಾಟಿದಳು.
ಹನ್ನೊಂದು: ಐದನೇದು.
ಈಗ ಅನಗೋಳದ ಮನಿಯಾಗ ಅದಾಳ,
ಬಲ್ಬು ಕಂಡ್ರ ಹುಬ್ಬು ಗಂಟು ಹಾಕತಾಳ,
ಬೆಳಗಾವಿ ಥಂಡಿಗೆ ಮೊನ್ನೆ ಸೀನಿ
ತನ್ನ ಸೀನಿಗೆ ತಾನ ಬೆಚ್ಚಿದಳು.

ಆರನೇ ಭರಣಿ ಎಲ್ಲೈತಿ ಅಂತ
ಕಪಾಟು ಪೂರಾ ಒರಸಿ ನೋಡಿದೆ.
ಇಲ್ಲ.
ಗ್ವಾಡಿ ಐತಿ, ಸುಣ್ಣ ಬಿಟ್ಟದ್ದು.